ಆಫ್ ಮೈಸ್ ಆಂಡ್ ಮೆನ್, ನೋಟ್ಸ್ ಇರುವ ಸ್ಟೂಡೆಂಟ್ ಎಡಿಷನ್: ಕಥೆಗೆ ಐದು ಸ್ಟಾರ್, ನೋಟ್ಸಿಗೆ ಒಂದೂವರೆ

ಐದು ಸ್ಟಾರ್ ಕಥೆ ಬರೆದ ಜಾನ್ ಸ್ಟೈನ್‌ಬೆಕ್ಕಿಗೆ, ಒಂದೂವರೆ ಸ್ಟಾರ್ ಈ ಎಡಿಷನ್ ಮಾಡಿದವರಿಗೆ. ಸೇರಿಸಿ ಆವರೇಜ್ ತೆಗೆದ್ರೆ ಇಬ್ಬರಿಗೂ ಅನ್ಯಾಯ ಆಗ್ತದೆ, ಅದಕ್ಕೆ ಬೇರೆ ಬೇರೆ ಹಾಕಿದ್ದು.

ಪುಸ್ತಕ ತರಿಸಿದ್ದು ನನಗೆ ಅಂತ ಅಲ್ಲ. ಅಕ್ಕನ ಮಗಳು ಉಡುಪಿಯಲ್ಲಿ ಡಿಗ್ರಿ ಮಾಡ್ತಾ ಇದ್ದಾಳೆ, ಅವಳಿಗೆ ಅಸೈನ್‌ಮೆಂಟ್ ಉಂಟಂತೆ, "ಮಾಮ, ನೋಟ್ಸ್ ಇರುವ ಎಡಿಷನ್ನೇ ಹಾಕಿ ಆಯ್ತಾ, ಸೆಟ್ಟಿಂಗ್, ಅಟ್ಮಾಸ್ಫಿಯರ್, ಸೋಶಿಯಲ್ ಇನ್‌ಈಕ್ವಾಲಿಟಿ ಬಗ್ಗೆ ಬರೀಬೇಕು" ಅಂದ್ಲು. ಹಾಕಿದೆ. ಪಾರ್ಸೆಲ್ ಬಂದದ್ದು ಮಂಗಳೂರಿಗೆ ನನ್ನ ಅಡ್ರೆಸ್ಸಿಗೆ, ಅವಳಿಗೆ ಕಳಿಸುವ ಮೊದಲು ಸುಮ್ಮನೆ ಎರಡು ಪೇಜ್ ತಿರುಗಿಸುವ ಅಂತ ತೆಗೆದವ ಪೂರ್ತಿ ಓದಿಯೇ ಇಟ್ಟದ್ದು. ನಾನು ಸಾಹಿತ್ಯದ ಜನ ಅಲ್ಲ, ಬಿಲ್ಡಿಂಗ್ ಕಂಟ್ರಾಕ್ಟರ್ ಹತ್ರ ಸೈಟ್ ಸೂಪರ್‌ವೈಸರ್ ಆಗಿ ಕೆಲಸ. ಕೂಲಿ ಕೆಲಸದವರ ಕಥೆ, ಅದೂ ಅವರು ಮಲಗುವ ಶೆಡ್ಡಿನ ಒಳಗೆ ನಡೆಯುವ ಕಥೆ ಅಂತ ಗೊತ್ತಾದ ಮೇಲೆ ಬಿಡ್ಲಿಕ್ಕೆ ಮನಸ್ಸಾಗ್ಲಿಲ್ಲ, ಅಷ್ಟೇ.

ಮೊದಲು ಸಾಮಾನಿನ ಬಗ್ಗೆ ಹೇಳಿ ಮುಗಿಸ್ತೇನೆ. ಪೇಪರ್‌ಬ್ಯಾಕ್, ಕಾಗದ ಪರವಾಗಿಲ್ಲ, ಅಕ್ಷರ ಸ್ವಲ್ಪ ಸಣ್ಣದು, ಕನ್ನಡಕ ಇಲ್ಲದೆ ನನಗೆ ಆಗೋದಿಲ್ಲ. ಬೈಂಡಿಂಗ್ ಬರೀ ಗಮ್, ಹೊಲಿಗೆ ಇಲ್ಲ, ಮಧ್ಯದಲ್ಲಿ ಒತ್ತಿ ತೆರೆದ್ರೆ ಚಟಚಟ ಶಬ್ದ ಬರ್ತದೆ, ನಮ್ಮ ಊರಿನ ಮಳೆಗಾಲದ ತಂಡಿಗೆ ಇದು ಎಷ್ಟು ಸಮಯ ಹಿಡಿದು ನಿಲ್ತದೆ ಅಂತ ನೋಡ್ಬೇಕು. ಕಾದಂಬರಿ ಅಂತ ಇರೋದು ಹೆಚ್ಚುಕಮ್ಮಿ ನೂರು ಪೇಜ್, ಪುಸ್ತಕ ಮಾತ್ರ ಅದಕ್ಕಿಂತ ಎಷ್ಟೋ ದಪ್ಪ, ಉಳಿದದ್ದೆಲ್ಲ ಮುನ್ನುಡಿ, ನೋಟ್ಸ್, ಪ್ರಶ್ನೆ, ಮಾದರಿ ಉತ್ತರ. ಅಂದ್ರೆ ನಾವು ದುಡ್ಡು ಕೊಡೋದು ಜಾಸ್ತಿ ಆ ನೋಟ್ಸಿಗೆ. ಮತ್ತೆ ಒಂದು ದೊಡ್ಡ ತಕರಾರು, ಮುನ್ನುಡಿಯ ಎರಡನೇ ಪೇಜಲ್ಲೇ ಕೊನೆಗೆ ಯಾರು ಯಾರನ್ನ ಎಂತ ಮಾಡ್ತಾರೆ ಅಂತ ಬರೆದು ಬಿಟ್ಟಿದ್ದಾರೆ ಮಾರಾಯ್ರೆ! ಮುನ್ನುಡಿ ಅಂದ್ರೆ ಮುಂದೆ ಇರ್ತದೆ, ಜನ ಮೊದಲು ಓದ್ತಾರೆ, ಇಷ್ಟು ತಲೆ ಬೇಡ್ವಾ? ಯಾರಾದ್ರೂ ಈ ಎಡಿಷನ್ ತಗೊಂಡ್ರೆ ದಯವಿಟ್ಟು ಮುನ್ನುಡಿ ಬಿಟ್ಟು ಸೀದಾ ಒಂದನೇ ಅಧ್ಯಾಯಕ್ಕೆ ಹೋಗಿ. ನಾನು ಇಲ್ಲಿ ಕೊನೆ ಹೇಳೋದಿಲ್ಲ, ಆದ್ರೆ ಮಧ್ಯದ ಕೆಲವು ವಿಷಯ ಹೇಳದೆ ರಿವ್ಯೂ ಬರೀಲಿಕ್ಕೆ ಆಗೋದಿಲ್ಲ.

ಕಥೆ ಇಷ್ಟು. ಕ್ಯಾಲಿಫೋರ್ನಿಯಾದ ಸೊಲೆಡಾಡ್ ಅಂತ ಊರು, ಅದರ ಹತ್ರ ಒಂದು ರಾಂಚ್, ಅಂದ್ರೆ ಬಾರ್ಲಿ ಬೆಳೆಯುವ ದೊಡ್ಡ ಜಮೀನು. ಅಲ್ಲಿಗೆ ಕೆಲಸ ಹುಡುಕಿಕೊಂಡು ಜಾರ್ಜ್, ಲೆನ್ನಿ ಅಂತ ಇಬ್ಬರು ಬರ್ತಾರೆ. ಜಾರ್ಜ್ ಸಣ್ಣ ಆಳು, ಚುರುಕು. ಲೆನ್ನಿ ಆನೆಯಂಥ ಆಳು, ಬುದ್ಧಿ ಮಾತ್ರ ಮಗುವಿನದ್ದು, ಮೆತ್ತಗಿನ ವಸ್ತು ಏನು ಕಂಡ್ರೂ ಸವರಬೇಕು, ತನ್ನ ಕೈಯ ಬಲ ಎಷ್ಟು ಅಂತ ಅವನಿಗೇ ಗೊತ್ತಿಲ್ಲ. ಹಿಂದಿನ ಊರಲ್ಲಿ ಇದರಿಂದಲೇ ಗಲಾಟೆ ಆಗಿ ಓಡಿ ಬಂದದ್ದು. ಇಬ್ಬರಿಗೂ ಒಂದೇ ಆಸೆ, ಸ್ವಂತಕ್ಕೆ ಸ್ವಲ್ಪ ಜಾಗ ಮಾಡ್ಬೇಕು, ಮನೆ, ತರಕಾರಿ, ಕೋಳಿ, ಲೆನ್ನಿಗೆ ಸಾಕ್ಲಿಕ್ಕೆ ಮೊಲ. ಗುರುವಾರ ಸಂಜೆ ಶುರುವಾದ ಕಥೆ ಆದಿತ್ಯವಾರ ಸಂಜೆಗೆ ಮುಗಿದು ಹೋಗ್ತದೆ. ಪುಸ್ತಕ ಬಂದದ್ದು 1937ರಲ್ಲಿ, ಅಮೆರಿಕದಲ್ಲಿ 1929ರ ಷೇರು ಮಾರ್ಕೆಟ್ ಕುಸಿದ ಮೇಲಿನ ಮಹಾ ಆರ್ಥಿಕ ಹಿಂಜರಿತ ಇನ್ನೂ ಬಿಟ್ಟಿರ್ಲಿಲ್ಲ, 1933ರ ಹೊತ್ತಿಗೆ ದುಡಿಯುವ ನಾಲ್ಕು ಜನರಲ್ಲಿ ಒಬ್ಬನಿಗೆ ಕೆಲಸ ಇಲ್ಲದ ಕಾಲ ಅದು. ಸ್ಟೈನ್‌ಬೆಕ್ ಅಲ್ಲೇ ಸಲೀನಾಸಿನವ, ಹುಡುಗ ಇದ್ದಾಗ ಆ ಕಡೆಯ ರಾಂಚುಗಳಲ್ಲಿ ಸ್ವತಃ ಕೆಲಸ ಮಾಡಿದವ, ಅದು ಬರವಣಿಗೆಯಲ್ಲಿ ಗೊತ್ತಾಗ್ತದೆ. (ಇದರ ಮೊದಲ ಹಸ್ತಪ್ರತಿಯ ಒಳ್ಳೆ ಪಾಲನ್ನು ಅವನ ನಾಯಿಮರಿ ಹರಿದು ಹಾಕಿತ್ತಂತೆ, ಎರಡು ತಿಂಗಳ ಕೆಲಸ ಪುನಃ ಮಾಡ್ಬೇಕಾಯ್ತು. ನಾಯಿಯನ್ನು ಜಾಸ್ತಿ ಬೈಲೂ ಇಲ್ಲ ಅಂತೆ.)

ಈಗ ನೋಟ್ಸಿನ ವಿಷಯಕ್ಕೆ ಬರ್ತೇನೆ. ಹಿಂದೆ ಸೆಟ್ಟಿಂಗ್ ಅಂತ ಎರಡು ಪೇಜ್, ಅಟ್ಮಾಸ್ಫಿಯರ್ ಅಂತ ಒಂದೂವರೆ ಪೇಜ್, ಸೋಶಿಯಲ್ ಇನ್‌ಈಕ್ವಾಲಿಟಿ ಅಂತ ಇನ್ನೆರಡು ಪೇಜ್. ಸೆಟ್ಟಿಂಗಲ್ಲಿ ನದಿ, ಬೆಟ್ಟ, ಹಟ್ಟಿ, ಶೆಡ್ ಅಂತ ಲಿಸ್ಟ್. ಅಟ್ಮಾಸ್ಫಿಯರಲ್ಲಿ ಒಂಟಿತನ, ಭಯ ಅಂತ ಲಿಸ್ಟ್. ಇನ್‌ಈಕ್ವಾಲಿಟಿಯಲ್ಲಿ ಕರಿಯರು, ಹೆಂಗಸರು, ಮುದುಕರು, ಅಂಗವಿಕಲರು ಅಂತ ಲಿಸ್ಟ್. ಬಂಗುಡೆ ಪುಳಿಮುಂಚಿಯಿಂದ ಹುಳಿ ಬೇರೆ, ಮೆಣಸು ಬೇರೆ, ಮೀನು ಬೇರೆ ತೆಗೆದು ತಟ್ಟೆಯಲ್ಲಿ ಇಟ್ಟು ಊಟ ಮಾಡಿ ಅಂದ ಹಾಗೆ. ನನಗೆ ಕಂಡದ್ದು ಎಂತದು ಅಂದ್ರೆ ಈ ಕಥೆಯಲ್ಲಿ ಮೂರೂ ಒಂದೇ. ಯಾರು ಎಲ್ಲಿ ಮಲಗ್ತಾರೆ, ಯಾರ ಬಾಗಿಲು ಯಾರು ಕೇಳದೆ ತೆಗೀಬಹುದು, ಯಾರು ಹೊಸ್ತಿಲಲ್ಲೇ ನಿಲ್ಬೇಕು, ಇದೇ ಸೆಟ್ಟಿಂಗ್, ಇದೇ ಅಸಮಾನತೆ. ಅಲ್ಲಿಂದಲೇ ಆ ಉಸಿರು ಕಟ್ಟುವ ವಾತಾವರಣವೂ ಬರೋದು. ಲೇಬರ್ ಶೆಡ್ಡಲ್ಲಿ ಯಾವ ಗ್ಯಾಂಗಿಗೆ ಯಾವ ರೂಮ್ ಅಂತ ಹಂಚುವ ಕೆಲಸ ಮಾಡಿದ ಯಾರಿಗೂ ಇದು ಮೊದಲ ಓದಿಗೇ ಗೊತ್ತಾಗ್ತದೆ, ನೋಟ್ಸ್ ಬರೆದವರು ಶೆಡ್ಡಿನ ಒಳಗೆ ಕಾಲಿಟ್ಟ ಹಾಗೆ ಕಾಣೋದಿಲ್ಲ.

ಶುರುವಾಗೋದು ಸಲೀನಾಸ್ ನದಿ ಕರೆಯ ಒಂದು ಗುಂಡಿ ಹತ್ರ. ಹಸುರು ನೀರು, ಮರಳು, ಮರದ ಎಲೆ ಒಣಗಿ ಬಿದ್ದದ್ದು, ಸಂಜೆ ಬಿಸಿಲು ಗ್ಯಾಬಿಲನ್ ಬೆಟ್ಟದ ಮೇಲೆ. ಎಷ್ಟು ಚಂದ ಅಂದ್ರೆ ನಮಗೂ ಅಲ್ಲೇ ಕೂತು ಬಿಡುವ ಅಂತ ಆಗ್ತದೆ. ಆದ್ರೆ ಇವರು ಅಲ್ಲಿಗೆ ಬಂದದ್ದು ಹೇಗೆ? ಬಸ್ ಡ್ರೈವರ್ ರಾಂಚಿನ ಗೇಟಲ್ಲಿ ನಿಲ್ಲಿಸ್ಲಿಕ್ಕೆ ಉದಾಸೀನ ಮಾಡಿ ಇಲ್ಲೇ ಹತ್ರ ಅಂತ ನಾಲ್ಕು ಮೈಲು ಹಿಂದೆಯೇ ಇಳಿಸಿ ಹೋಗಿದ್ದಾನೆ. ಕೂಲಿಯವ ತಾನೇ, ನಡೀತಾನೆ. ಇದು ಕಥೆಯ ಮೊದಲ ಅವಮಾನ, ಒಂದೇ ಸಾಲಲ್ಲಿ ಬಂದು ಹೋಗ್ತದೆ, ನೋಟ್ಸಲ್ಲಿ ಇದರ ಸುದ್ದಿಯೇ ಇಲ್ಲ. ಆ ರಾತ್ರಿ ಡಬ್ಬದ ಬೀನ್ಸ್ ಬಿಸಿ ಮಾಡಿ ತಿಂದು ಬಯಲಲ್ಲೇ ಮಲಗ್ತಾರೆ. ಇಡೀ ಪುಸ್ತಕದಲ್ಲಿ ಈ ಇಬ್ಬರು ಹಾಯಾಗಿ ಇರೋದು ಅಂತ ಇದ್ರೆ ಆ ಒಂದು ರಾತ್ರಿ, ಯಾಕಂದ್ರೆ ಆ ಜಾಗಕ್ಕೆ ಧನಿ ಇಲ್ಲ.

ಮಾರನೇ ದಿನ ಬಂಕ್‌ಹೌಸ್, ಅಂದ್ರೆ ಕೆಲಸದವರು ಮಲಗುವ ಶೆಡ್. ಇಲ್ಲಿ ಸ್ಟೈನ್‌ಬೆಕ್ ಎಷ್ಟು ಕರೆಕ್ಟಾಗಿ ಬರೆದಿದ್ದಾನೆ ಅಂದ್ರೆ ನಾನು ಎದ್ದು ಕೂತೆ. ಉದ್ದ ಕಟ್ಟಡ, ಒಳಗೆ ಸುಣ್ಣ ಬಳಿದ ಗೋಡೆ, ಬಣ್ಣ ಇಲ್ಲದ ನೆಲ, ಸಣ್ಣ ಚೌಕ ಕಿಟಕಿ. ಎಂಟು ಹಾಸಿಗೆ, ಐದಕ್ಕೆ ಕಂಬಳಿ ಉಂಟು, ಮೂರಕ್ಕೆ ಬರೀ ಗೋಣಿ ಕಾಣ್ತದೆ. ಪ್ರತಿ ಹಾಸಿಗೆಯ ಮೇಲೆ ಗೋಡೆಗೆ ಒಂದು ಆಪಲ್ ಪೆಟ್ಟಿಗೆ ಮೊಳೆ ಹೊಡೆದು ಇಟ್ಟದ್ದು, ಅದೇ ಕಪಾಟು. ಅದರಲ್ಲಿ ಸೋಪು, ಪೌಡರ್, ರೇಜರ್, ಬಾಚಣಿಗೆ, ಔಷಧ ಬಾಟ್ಲಿ, ಕೌಬಾಯ್ ಕಥೆಯ ಮ್ಯಾಗಜಿನ್. ಒಬ್ಬ ಮನುಷ್ಯನ ಇಡೀ ಆಸ್ತಿ ಒಂದು ಹಣ್ಣಿನ ಪೆಟ್ಟಿಗೆಗೆ ಸಾಕು. ನಮ್ಮಲ್ಲಿ ಪೆಟ್ಟಿಗೆ ಬದಲು ಶಟರಿಂಗಿನ ಪ್ಲೈವುಡ್ ತುಂಡು, ಎರಡು ಮೊಳೆ, ಅದರ ಮೇಲೆ ತೆಂಗಿನೆಣ್ಣೆ, ಮೊಬೈಲ್ ಚಾರ್ಜರ್, ದೇವರ ಸಣ್ಣ ಫೋಟೋ, ಖೈನಿ ಪ್ಯಾಕೆಟ್. ಕಂಟ್ರಾಕ್ಟರ್ ಬದಲಾಗ್ಲಿ ಸೈಟ್ ಬದಲಾಗ್ಲಿ, ಆ ಪ್ಲೈವುಡ್ ತುಂಡು ಮಾತ್ರ ಎಲ್ಲಾ ಕಡೆ ಒಂದೇ ಎತ್ತರದಲ್ಲಿ ಇರ್ತದೆ, ಮಲಗಿದಲ್ಲಿಂದ ಕೈ ಎತ್ತಿದ್ರೆ ಸಿಗುವಷ್ಟು.

ಅದೇ ಸೀನಲ್ಲಿ ಜಾರ್ಜ್ ತನ್ನ ಪೆಟ್ಟಿಗೆಯಲ್ಲಿ ಹೇನು, ಜಿರಳೆ ಕೊಲ್ಲುವ ಹುಡಿಯ ಡಬ್ಬ ನೋಡಿ ಸಿಟ್ಟಾಗ್ತಾನೆ, ಇಂಥ ಹಾಸಿಗೆ ಕೊಟ್ಟಿದ್ದೀರಾ ಅಂತ. ಕಸ ಗುಡಿಸುವ ಮುದುಕ, ಅವನ ಹೆಸರು ಕ್ಯಾಂಡಿ, ಸಮಾಧಾನ ಮಾಡ್ತಾನೆ, ಮೊದಲು ಮಲಗ್ತಾ ಇದ್ದವ ಭಾರೀ ಕ್ಲೀನಿನ ಜನ, ಊಟ ಆದ ಮೇಲೂ ಕೈ ತೊಳೀತಿದ್ದ ಅಂತ. ಊಟ ಆದ ಮೇಲೆ ಕೈ ತೊಳೆಯೋದು ಭಾರೀ ಕ್ಲೀನ್ ಅಂತ ಆ ಶೆಡ್ಡಿನ ಲೆಕ್ಕ, ನಗು ಬರ್ತದೆ, ಆಮೇಲೆ ನಗು ನಿಲ್ತದೆ.

ಆಮೇಲೆ ಧನಿ ಬರ್ತಾನೆ. ಅವನ ಬೂಟಿಗೆ ಎತ್ತರದ ಹಿಮ್ಮಡಿ, ಕುದುರೆಗೆ ಚುಚ್ಚುವ ಸ್ಪರ್ ಬೇರೆ, ಯಾಕೆ ಅಂದ್ರೆ ತಾನು ಕೂಲಿಯವ ಅಲ್ಲ ಅಂತ ತೋರಿಸ್ಲಿಕ್ಕೆ, ಹಾಗಂತ ಲೇಖಕನೇ ಒಂದೇ ಮಾತಲ್ಲಿ ಹೇಳ್ತಾನೆ. ಮಗ ಕರ್ಲಿಗೂ ಅಂಥದ್ದೇ ಬೂಟು. ನಮ್ಮಲ್ಲಿ ಬೂಟಲ್ಲ, ಹೆಲ್ಮೆಟ್. ಇಂಜಿನಿಯರಿಗೆ ಬಿಳಿ, ಕೆಲಸದವರಿಗೆ ಹಳದಿ, ಮತ್ತೆ ಕಾರಲ್ಲಿ ಬಂದು ಐದು ನಿಮಿಷ ನಿಂತು ಹೋಗುವ ದೊಡ್ಡವರು ಹೆಲ್ಮೆಟ್ಟೇ ಹಾಕೋದಿಲ್ಲ, ಅವರ ತಲೆ ಮೇಲೆ ಇಟ್ಟಿಗೆ ಬೀಳೋದಿಲ್ಲ ಅಂತ ಇಟ್ಟಿಗೆಗೂ ಗೊತ್ತುಂಟು. ಆ ಧನಿಗೆ ಇನ್ನೊಂದು ಸಂಶಯ, ಈ ಜಾರ್ಜ್ ಯಾಕೆ ಲೆನ್ನಿಯ ಪರವಾಗಿ ಮಾತಾಡ್ತಾನೆ, ಅವನ ಸಂಬಳ ಇವನು ಹೊಡೀತಾನಾ ಅಂತ ನೇರ ಕೇಳ್ತಾನೆ. ಕೂಲಿಯವರಲ್ಲಿ ಒಬ್ಬ ಇನ್ನೊಬ್ಬನಿಗಾಗಿ ನಿಂತ್ರೆ ಅದರಲ್ಲಿ ಕಮಿಷನ್ ಇರ್ಲೇಬೇಕು ಅಂತ ಅವನ ಲೋಕಜ್ಞಾನ. ತಪ್ಪು ಅಂತ ಹೇಳ್ಲಿಕ್ಕೂ ಕಷ್ಟ, ಮೇಸ್ತ್ರಿಗಳು ಹಾಗೆ ಮಾಡೋದನ್ನ ನಾನು ಬೇಕಾದಷ್ಟು ನೋಡಿದ್ದೇನೆ, ಆದ್ರೆ ಸ್ನೇಹವನ್ನೇ ಸಂಶಯದಲ್ಲಿ ನೋಡುವ ಜಾಗ ಎಂಥ ಜಾಗ ಅಂತ ಆ ಒಂದು ಪ್ರಶ್ನೆಯಲ್ಲಿ ಗೊತ್ತಾಗ್ತದೆ.

ವಾತಾವರಣ ಅಂತ ಕೇಳಿದ್ರೆ ನಾನು ಶುಕ್ರವಾರ ರಾತ್ರಿಯ ಸೀನ್ ತೋರಿಸ್ತೇನೆ. ಕ್ಯಾಂಡಿಗೆ ಒಂದು ಮುದಿ ನಾಯಿ, ಮರಿ ಇದ್ದಾಗಿಂದ ಸಾಕಿದ್ದು, ಈಗ ಕಣ್ಣು ಕಾಣೋದಿಲ್ಲ, ವಾಸನೆ. ಕಾರ್ಲ್ಸನ್ ಅಂತ ಒಬ್ಬ, ವಾಸನೆ ತಡೀಲಿಕ್ಕೆ ಆಗೋದಿಲ್ಲ, ಗುಂಡು ಹೊಡೆಯುವ ಅಂತ ಹಟ ಹಿಡೀತಾನೆ. ಮುದುಕ ಒಬ್ಬೊಬ್ಬರ ಮುಖ ನೋಡ್ತಾನೆ, ಯಾರಾದ್ರೂ ಬೇಡ ಅಂತಾರಾ ಅಂತ. ಯಾರೂ ಅನ್ನೋದಿಲ್ಲ. ಕಾರ್ಲ್ಸನ್ ಪಿಸ್ತೂಲು ಹಿಡ್ಕೊಂಡು ನಾಯಿಯನ್ನು ಹೊರಗೆ ಕರ್ಕೊಂಡು ಹೋದ ಮೇಲೆ ಎಲ್ಲರೂ ಆ ಶಬ್ದಕ್ಕೆ ಕಾಯ್ತಾ ಇದ್ದಾರೆ, ಆದ್ರೆ ಕಾಯ್ತಾ ಇಲ್ಲದ ಹಾಗೆ ಇಸ್ಪೀಟ್ ಮಾತಾಡ್ತಾರೆ, ನೆಲದ ಅಡಿಯಲ್ಲಿ ಎಂತದೋ ಕೆರೆಯುವ ಸದ್ದು, ಇಲಿ ಇರ್ಬೇಕು ಅಂತಾರೆ, ಮುದುಕ ಮಾಡು ನೋಡ್ತಾ ಮಲಗಿದ್ದಾನೆ. ಗುಂಡಿನ ಶಬ್ದ ಆಗ್ತದೆ. ಮುದುಕ ಮೆಲ್ಲ ಮಗ್ಗುಲು ತಿರುಗಿ ಗೋಡೆ ಕಡೆ ಮುಖ ಮಾಡ್ತಾನೆ. ಅಷ್ಟೇ ಬರೆದದ್ದು. ಕಣ್ಣೀರು ಇಲ್ಲ, ಡೈಲಾಗ್ ಇಲ್ಲ. ಮೇಲೆ ತಗಡಿನ ಟೋಪಿ ಹಾಕಿದ ಲೈಟು ಮೇಜಿನ ಮೇಲೆ ಮಾತ್ರ ಬೆಳಕು ಚೆಲ್ತದೆ, ಮೂಲೆಯಲ್ಲಿ ಕತ್ತಲು, ಮುದುಕನ ಹಾಸಿಗೆ ಆ ಕತ್ತಲಲ್ಲಿ.

ಮತ್ತೆ ಆ ನಾಯಿ ಸತ್ತದ್ದು ಬರೀ ನಾಯಿಯ ವಿಷಯ ಅಲ್ಲ. ಕ್ಯಾಂಡಿಗೆ ಮಿಷಿನಿಗೆ ಸಿಕ್ಕಿ ಬಲಗೈ ಹೋಗಿದೆ, ಪರಿಹಾರ ಅಂತ ಕೊಟ್ಟದ್ದು 250 ಡಾಲರ್. ಗುಡಿಸ್ಲಿಕ್ಕೂ ಆಗದ ದಿನ ತನ್ನನ್ನೂ ಹೊರಗೆ ಹಾಕ್ತಾರೆ ಅಂತ ಅವನಿಗೆ ಗೊತ್ತುಂಟು. ಇದು ಬರೀ ಕಥೆಗೆ ಹಾಕಿದ ಹೆದರಿಕೆಯೂ ಅಲ್ಲ, ಅಮೆರಿಕದಲ್ಲಿ 1935ರಲ್ಲಿ ಸೋಶಿಯಲ್ ಸೆಕ್ಯುರಿಟಿ ಕಾನೂನು ಬಂದಾಗ ಮುದಿತನದ ಪಿಂಚಣಿಯಿಂದ ಹೊಲದಲ್ಲಿ ದುಡಿಯುವವರನ್ನೂ ಮನೆಗೆಲಸದವರನ್ನೂ ಹೊರಗೆ ಇಟ್ಟಿದ್ರು, ಅದೇ ವರ್ಷ ಯೂನಿಯನ್ ಕಟ್ಟುವ ಹಕ್ಕಿನ ವ್ಯಾಗ್ನರ್ ಆಕ್ಟ್ ಬಂತು, ಅದರಲ್ಲೂ ಹೊಲದ ಕೂಲಿಯವರಿಗೆ ಜಾಗ ಇಲ್ಲ. ಇಡೀ ದೇಶಕ್ಕೆ ಮಾಡು ಹಾಕುವಾಗ ಇವರ ತಲೆ ಮೇಲೆ ಮಾತ್ರ ಬಿಟ್ಟು ಹಾಕಿದ್ದು. ನೋಟ್ಸಲ್ಲಿ ಆ ಆರ್ಥಿಕ ಹಿಂಜರಿತದ ಬಗ್ಗೆ ಅರ್ಧ ಪೇಜ್ ಉಂಟು, ಈ ವಿಷಯ ಮಾತ್ರ ಒಂದು ಸಾಲೂ ಇಲ್ಲ, ಇದನ್ನು ಬಿಟ್ಟು ಸೋಶಿಯಲ್ ಇನ್‌ಈಕ್ವಾಲಿಟಿ ಅಂತ ಎಂತ ಬರೆಯೋದು?

ದುಡ್ಡಿನ ಲೆಕ್ಕ ಕೂಡ ನೋಡಿ. ತಿಂಗಳಿಗೆ 50 ಡಾಲರ್ ಸಂಬಳ. ಜಾರ್ಜ್ ಕಣ್ಣು ಹಾಕಿದ ಜಾಗ ಹತ್ತು ಎಕ್ರೆ, 600 ಡಾಲರಿಗೆ ಸಿಗ್ತದೆ, ಯಾಕಂದ್ರೆ ಅದರ ಮಾಲೀಕರು ಕೈ ಖಾಲಿಯಾದ ಮುದುಕರು, ಅಜ್ಜಿಗೆ ಆಪರೇಷನ್ ಆಗ್ಬೇಕು. ಕ್ಯಾಂಡಿ ಪರಿಹಾರದ 250, ಉಳಿದ ತನ್ನ ದುಡ್ಡು ಎಲ್ಲ ಸೇರಿಸಿ 350 ಹಾಕ್ತೇನೆ ಅಂದ ಕೂಡ್ಲೇ ಇಷ್ಟು ದಿನ ಲೆನ್ನಿಯನ್ನು ಮಲಗಿಸ್ಲಿಕ್ಕೆ ಹೇಳ್ತಾ ಇದ್ದ ಕಥೆ ಲೆಕ್ಕ ಆಗಿ ಬಿಡ್ತದೆ, ಮೂರೂ ಜನ ಬಾಯಿ ಬಿಟ್ಟು ಕೂತು ಬಿಡ್ತಾರೆ, ನಿಜವಾಗ್ತದಾ ಅಂತ. ಅಲ್ಲಿ ಕನಸಿಗೆ ದುಡ್ಡು ಬಂದದ್ದು ಎಲ್ಲಿಂದ ಅಂತ ನೋಡಿದ್ರೆ ಒಬ್ಬನ ತುಂಡಾದ ಕೈಯಿಂದ. ನಮ್ಮ ಸೈಟಲ್ಲೂ ಊಟಕ್ಕೆ ಕೂತಾಗ ಮಾತು ಅದೇ, ಊರಲ್ಲಿ ಜಾಗ, ಬೋರ್‌ವೆಲ್, ಎರಡು ರೂಮಿನ ಮನೆ. ಗದಗದವ ಆಗ್ಲಿ ಜಾರ್ಖಂಡಿನವ ಆಗ್ಲಿ, ಮೊಬೈಲಲ್ಲಿ ಅರ್ಧ ಕಟ್ಟಿದ ಗೋಡೆಯ ಫೋಟೋ ಇಟ್ಕೊಂಡು ತೋರಿಸ್ತಾರೆ. ಇಲ್ಲಿಯವರಾದ್ರೆ ಐದು ಸೆಂಟ್ಸ್ ಜಾಗ ಅಂತಾರೆ, ಈಗಿನ ರೇಟಲ್ಲಿ ಮಂಗಳೂರಿನ ಹತ್ತಿರ ಐದು ಸೆಂಟ್ಸ್ ಅಂದ್ರೆ ಅದೂ ಮೊಲ ಸಾಕುವ ಕಥೆಯೇ.

ಇನ್ನು ಕ್ರೂಕ್ಸ್. ಪುಸ್ತಕದ ನಾಲ್ಕನೇ ಅಧ್ಯಾಯ. ಇದಕ್ಕಾಗಿಯೇ ಪುಸ್ತಕ ತಗೋಬಹುದು ಅಂತ ನನ್ನ ಲೆಕ್ಕ.

ಕ್ರೂಕ್ಸ್ ಕುದುರೆ, ಹೇಸರಗತ್ತೆ ನೋಡಿಕೊಳ್ಳುವವ, ಕುದುರೆ ಒದ್ದು ಬೆನ್ನು ಗೂನಾಗಿದೆ. ಆ ರಾಂಚಲ್ಲಿ ಅವನೊಬ್ಬನೇ ಕರಿಯ, ಎಲ್ರೂ ಅವನನ್ನು ಕರೆಯೋದು ಈಗ ನಾವು ಬಾಯಲ್ಲಿ ಹೇಳಬಾರದ ಪದದಲ್ಲಿ, ಸಿಟ್ಟಿಂದ ಅಲ್ಲ, ಅಭ್ಯಾಸದಿಂದ, ಅದು ಇನ್ನೂ ಬೇಜಾರು. ಅವನಿಗೆ ಶೆಡ್ಡಲ್ಲಿ ಜಾಗ ಇಲ್ಲ. ಹಟ್ಟಿಯ ಗೋಡೆಗೆ ತಾಗಿಸಿ ಇಳಿಜಾರಾಗಿ ಕಟ್ಟಿದ, ಕುದುರೆ ಸಾಮಾನು ಇಡುವ ಕೋಣೆಯಲ್ಲಿ ಅವನ ವಾಸ. ಹಾಸಿಗೆ ಅಂದ್ರೆ ಹುಲ್ಲು ತುಂಬಿಸಿದ ಉದ್ದದ ಪೆಟ್ಟಿಗೆ. ಅವನಿಗೂ ಒಂದು ಆಪಲ್ ಪೆಟ್ಟಿಗೆ ಉಂಟು, ಅದರಲ್ಲಿ ಇರುವ ಔಷಧ ಬಾಟ್ಲಿಗಳು ಅವನಿಗೂ ಕುದುರೆಗಳಿಗೂ ಸೇರಿ. ಕಿಟಕಿ ಅಡಿಯಲ್ಲಿ ಗೊಬ್ಬರದ ರಾಶಿ. ಕ್ಯಾಂಡಿ ಬಂದು, ಒಬ್ಬನಿಗೇ ಒಂದು ರೂಮ್ ಇರೋದು ಒಳ್ಳೇದಲ್ವಾ ಅಂತ ಹೇಳ್ತಾನೆ, ಅದಕ್ಕೆ ಕ್ರೂಕ್ಸ್ ಹೌದೌದು, ಕಿಟಕಿ ಕೆಳಗೆ ಗೊಬ್ಬರ ಕೂಡ ಉಂಟಲ್ಲ ಅನ್ನುವ ರೀತಿ ಉತ್ತರ ಕೊಡ್ತಾನೆ. ಮುದುಕನದ್ದು ಕುಹಕ ಅಲ್ಲ, ಅವನಿಗೆ ನಿಜವಾಗ್ಲೂ ಹಾಗೆ ಕಂಡದ್ದು. ಎಷ್ಟೋ ವರ್ಷದಿಂದ ಇಬ್ಬರೂ ಒಂದೇ ರಾಂಚಲ್ಲಿ ಇದ್ರೂ ಕ್ಯಾಂಡಿ ಆ ಕೋಣೆಯ ಒಳಗೆ ಬಂದದ್ದು ಅದೇ ಮೊದಲು. ಆ ಮಾತನ್ನು ಕ್ಯಾಂಡಿ ನಾಚಿಕೊಂಡು ಹೇಳ್ತಾನೆ, ಅಲ್ಲಿ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

ಕೋಣೆ ಮಾತ್ರ ನೀಟಾಗಿ ಗುಡಿಸಿ ಇಟ್ಟಿದ್ದಾನೆ. ಅವನ ಹತ್ರ ಪುಸ್ತಕ ಉಂಟು, ಹರಿದ ಡಿಕ್ಷನರಿ ಒಂದು, ಕ್ಯಾಲಿಫೋರ್ನಿಯಾದ 1905ರ ಸಿವಿಲ್ ಕೋಡ್ ಒಂದು, ಓದಿ ಓದಿ ಜೀರ್ಣ ಆದದ್ದು. ಕಾನೂನು ಪುಸ್ತಕ! ಆ ಕೋಣೆಯಲ್ಲಿ ಕಾನೂನು ಪುಸ್ತಕಕ್ಕೆ ಎಂತ ಕೆಲಸ ಅಂತ ಸ್ವಲ್ಪ ಹೊತ್ತಲ್ಲೇ ಉತ್ತರ ಸಿಗ್ತದೆ. ಧನಿಯ ಸೊಸೆ ಬಾಗಿಲಲ್ಲಿ ಬಂದು ನಿಲ್ತಾಳೆ, ಕ್ರೂಕ್ಸ್ ಧೈರ್ಯ ಮಾಡಿ ನನ್ನ ಕೋಣೆಗೆ ಬರುವ ಹಕ್ಕು ನಿನಗಿಲ್ಲ, ಹೋಗು ಅಂತಾನೆ. ಅವಳು ಮೆಲ್ಲ ತಿರುಗಿ, ನಾನು ಒಂದು ಮಾತು ಹೇಳಿದ್ರೆ ನಿನ್ನನ್ನು ಮರಕ್ಕೆ ನೇತು ಹಾಕ್ತಾರೆ, ಗೊತ್ತುಂಟಾ ಅನ್ನುವ ಅರ್ಥದಲ್ಲಿ ಹೇಳ್ತಾಳೆ. ಅಷ್ಟೇ, ಮನುಷ್ಯ ಅಲ್ಲೇ ಕುಗ್ಗಿ ಹೋಗ್ತಾನೆ, ಸ್ವರದಲ್ಲಿ ಜೀವ ಇಲ್ಲ. ಸಿವಿಲ್ ಕೋಡ್ ಶೆಲ್ಫಲ್ಲೇ ಉಂಟು. ನಮ್ಮ ಶೆಡ್ಡಲ್ಲಿ ಒಬ್ಬರು ಹಿರಿಯರು ಲೇಬರ್ ಕಾರ್ಡನ್ನು ಲ್ಯಾಮಿನೇಷನ್ ಮಾಡಿ ಬಟ್ಟೆ ಗಂಟಿನ ಒಳಗೆ ಇಟ್ಟಿರ್ತಾರೆ, ಯಾರು ಬಂದ್ರೂ ಒಮ್ಮೆ ತೆಗೆದು ತೋರಿಸ್ತಾರೆ. 1996ರ ಕಟ್ಟಡ ಕಾರ್ಮಿಕರ ಕಾನೂನಲ್ಲಿ ಕೆಲಸದ ಜಾಗದಲ್ಲಿ ಅಥವಾ ಹತ್ತಿರದಲ್ಲಿ ಬಾಡಿಗೆ ಇಲ್ಲದ ವಸತಿ, ಅಡುಗೆ, ಸ್ನಾನ, ಪಾಯಿಖಾನೆ ವ್ಯವಸ್ಥೆ ಧನಿಯೇ ಕೊಡ್ಬೇಕು ಅಂತ ಬರೆದದ್ದು ಇತ್ತು. ಕೊಡ್ತಾರೆ ಕೂಡ. ಆದ್ರೆ ಪಾಯಿಖಾನೆ ಪಕ್ಕದ ಕೋಣೆ ಯಾವ ಗ್ಯಾಂಗಿಗೆ ಹೋಗ್ತದೆ, ಒಂದು ಗ್ಯಾಂಗಿನವರು ಇನ್ನೊಂದು ಗ್ಯಾಂಗಿನ ಒಲೆಯಲ್ಲಿ ಯಾಕೆ ಅನ್ನ ಇಡೋದಿಲ್ಲ ಅಂತ ಯಾವ ಕಾನೂನಲ್ಲೂ ಇಲ್ಲ, ಕೇಳಿದ್ರೆ ಯಾರೂ ಬಾಯಿ ಬಿಡೋದೂ ಇಲ್ಲ.

ಇನ್ನೊಂದು ಸಣ್ಣ ವಿಷಯ, ಕ್ರಿಸ್ಮಸ್ ದಿನ ಧನಿ ಒಂದು ಗ್ಯಾಲನ್ ವಿಸ್ಕಿ ತಂದು ಕೊಟ್ಟ, ಆ ರಾತ್ರಿ ಒಂದು ಸಲ ಕ್ರೂಕ್ಸನ್ನು ಶೆಡ್ಡಿನ ಒಳಗೆ ಬಿಟ್ರು ಅಂತ ಕ್ಯಾಂಡಿ ಖುಷಿಯಲ್ಲಿ ಹೇಳ್ತಾನೆ. ಬಿಟ್ಟು ಎಂತ ಮಾಡಿದ್ರು? ಸ್ಮಿಟಿ ಅಂತ ಒಬ್ಬ ಅವನ ಜೊತೆ ಹೊಡೆದಾಟಕ್ಕೆ ಇಳಿದ. ಇವನ ಬೆನ್ನು ಸರಿ ಇಲ್ಲ ಅಂತ ಸ್ಮಿಟಿಗೆ ಕಾಲು ಉಪಯೋಗಿಸ್ಲಿಕ್ಕೆ ಬಿಡ್ಲಿಲ್ಲವಂತೆ. ಅಂದ್ರೆ ಹೊಡೆಯೋದು ಸರಿಯಾ ಅಂತ ಪ್ರಶ್ನೆಯೇ ಇಲ್ಲ, ನ್ಯಾಯವಾಗಿ ಹೊಡೀಬೇಕು ಅಂತ ಮಾತ್ರ. ಮುದುಕ ಅದನ್ನು ಒಳ್ಳೆ ಪಾರ್ಟಿ ಅಂತ ನೆನಪಿಟ್ಟಿದ್ದಾನೆ ಮಾರಾಯ್ರೆ.

ಸ್ಟೈನ್‌ಬೆಕ್ ಕ್ರೂಕ್ಸನ್ನು ದೇವರನ್ನಾಗಿ ಮಾಡೋದಿಲ್ಲ ಅನ್ನೋದು ನನಗೆ ಇಷ್ಟ ಆಯ್ತು. ಲೆನ್ನಿ ಒಬ್ಬನೇ ಸಿಕ್ಕಿದಾಗ ಅವನು ಮೊದಲು ಮಾಡೋದು ಎಂತ, ಜಾರ್ಜ್ ವಾಪಸ್ ಬಾರದೆ ಇದ್ರೆ ಎಂತ ಮಾಡ್ತೀ ಅಂತ ಆ ಪಾಪದವನನ್ನು ಹೆದರಿಸೋದು. ಮೇಲಿನವರಿಂದ ಪೆಟ್ಟು ತಿಂದವ ತನಗಿಂತ ಕೆಳಗೆ ಒಬ್ಬ ಸಿಕ್ಕಿದ ಕೂಡ್ಲೇ ಒಮ್ಮೆ ಕೈ ನೋಡ್ತಾನೆ. ಆ ಧನಿಯ ಸೊಸೆಯೂ ಹಾಗೆಯೇ, ಕ್ರೂಕ್ಸನ್ನು ಹೆದರಿಸುವವಳು ಅವಳೇ, ಆದ್ರೆ ಇಡೀ ಪುಸ್ತಕದಲ್ಲಿ ಅವಳಿಗೆ ಒಂದು ಹೆಸರೂ ಇಲ್ಲ, ಕರ್ಲಿಯ ಹೆಂಡತಿ ಅಷ್ಟೇ. ಶನಿವಾರ ರಾತ್ರಿ ಗಂಡಸರೆಲ್ಲ ಪೇಟೆಗೆ ಹೋಗಿದ್ದಾರೆ, ಬಿಟ್ಟು ಹೋದದ್ದು ಯಾರನ್ನ ಅಂದ್ರೆ ಕರಿಯ, ಮುದುಕ, ದಡ್ಡ, ಹೆಂಗಸು. ನಾಲ್ಕೂ ಜನ ಒಂದೇ ಸಣ್ಣ ಕೋಣೆಯಲ್ಲಿ ಸೇರ್ತಾರೆ, ಸೇರಿ ಒಬ್ಬರಿಗೊಬ್ಬರು ಹಲ್ಲು ಕಚ್ತಾರೆ. ನೋಟ್ಸಲ್ಲಿ ಇವರೆಲ್ಲ ಬೇರೆ ಬೇರೆ ಹೆಡ್ಡಿಂಗಲ್ಲಿ ಇದ್ದಾರೆ, ಪುಸ್ತಕದಲ್ಲಿ ಒಂದೇ ಬಲ್ಬಿನ ಅಡಿಯಲ್ಲಿ ಇದ್ದಾರೆ.

ಓದುವಾಗ ನನಗೆ ಪುನಃ ಪುನಃ ಚೋಮ ನೆನಪಾದ. ಕೋಟದ ಶಿವರಾಮ ಕಾರಂತರೂ ಸ್ಟೈನ್‌ಬೆಕ್ಕೂ ಇಬ್ಬರೂ 1902ರಲ್ಲಿ ಹುಟ್ಟಿದವರು, 'ಚೋಮನ ದುಡಿ' ಬಂದದ್ದು 1933ರಲ್ಲಿ, ಇದಕ್ಕಿಂತ ನಾಲ್ಕು ವರ್ಷ ಮೊದಲು. ಚೋಮನಿಗೂ ಜಾಗದ್ದೇ ಆಸೆ. ಕಾಡಲ್ಲಿ ಸಿಕ್ಕಿದ ಎತ್ತುಗಳನ್ನು ಸಾಕಿ ಇಟ್ಟಿದ್ದಾನೆ, ಉಳ್ಲಿಕ್ಕೆ ನೆಲ ಇಲ್ಲ. ಧನಿ ಸಂಕಪ್ಪಯ್ಯನಿಗೆ ಮನಸ್ಸಿದ್ರೂ ತಾಯಿ ಬಿಡೋದಿಲ್ಲ, ಹೊಲೆಯ ಬೇಸಾಯ ಮಾಡೋದು ಉಂಟಾ ಅಂತ. ಇಬ್ಬರಲ್ಲಿ ವ್ಯತ್ಯಾಸ ಎಲ್ಲಿ ಅಂದ್ರೆ ಜಾರ್ಜಿಗೆ 600 ಡಾಲರ್ ಆದ್ರೆ ಜಾಗ ಸಿಗ್ತದೆ, ಅದು ಆಗೋದಿಲ್ಲ ಅನ್ನೋದು ಬೇರೆ ವಿಷಯ, ಚೋಮನಿಗೆ ದುಡ್ಡು ಇದ್ರೂ ಸಿಗೋದಿಲ್ಲ. ಕ್ರೂಕ್ಸ್ ಇಬ್ಬರ ಮಧ್ಯ ಎಲ್ಲೋ ಇದ್ದಾನೆ, ಅವನ ಅಪ್ಪನಿಗೆ ಹತ್ತು ಎಕ್ರೆಯ ಕೋಳಿ ಫಾರ್ಮ್ ಇತ್ತು, ಬಿಳಿ ಮಕ್ಕಳ ಜೊತೆ ಆಡಿ ಬೆಳೆದವ, ಅಂಥವನು ಈಗ ಸಂಬಳ ಬೇಡ, ಊಟ ಕೊಟ್ರೆ ಸಾಕು, ನಿಮ್ಮ ಜಾಗದಲ್ಲಿ ನಾನೂ ಕೆಲಸ ಮಾಡ್ತೇನೆ ಅಂತ ಕೇಳ್ತಾನೆ, ಮತ್ತೆ ಹತ್ತು ನಿಮಿಷದಲ್ಲಿ ಬೇಡ, ತಮಾಷೆಗೆ ಹೇಳಿದ್ದು ಅಂತ ವಾಪಸ್ ತಗೊಳ್ತಾನೆ. ನಮ್ಮ ಜಿಲ್ಲೆಯಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಡಿಕ್ಲರೇಷನ್ ಹಾಕಿ ಜಾಗ ಆದದ್ದು ಗೇಣಿಯಲ್ಲಿ ಇದ್ದವರಿಗೆ. ಗೇಣಿಯೇ ಇಲ್ಲದ ಚೋಮನಂಥ ಆಳಿಗೆ ಹೆಚ್ಚಂದ್ರೆ ಮನೆ ಅಡಿಯ ಜಾಗ. ಹಾಗಾಗಿ ಚೋಮ ಓದಿದವರಿಗೆ ಈ ಪುಸ್ತಕ ಪರದೇಶದ್ದು ಅಂತ ಅನಿಸೋದಿಲ್ಲ, ಅಕ್ಕನ ಮಗಳಿಗೂ ಅದನ್ನೇ ಹೇಳಿದೆ, ಎರಡನ್ನೂ ಜೊತೆಗೆ ಇಟ್ಟು ಬರಿ, ಕಾಪಿ ಹೊಡೆದ ಹಾಗೆ ಇರೋದಿಲ್ಲ ಅಂತ. "ಲೆಕ್ಚರರ್ ಒಪ್ತಾರಾ ಮಾಮ" ಅಂದ್ಲು. ಒಪ್ಪದೆ ಇದ್ರೆ ಅವರಿಗೂ ಎರಡು ಪುಸ್ತಕ ಕಳಿಸುವ.

ಕಥೆಯಲ್ಲಿ ನನಗೆ ತಕರಾರು ಇಲ್ಲ ಅಂತ ಅಲ್ಲ. ಒಂದು, ಆ ಕಾಲದ ಸಲೀನಾಸ್ ಕಡೆ ಹೊಲದಲ್ಲಿ ಫಿಲಿಪ್ಪೀನ್ಸಿನವರು, ಮೆಕ್ಸಿಕೋದವರು ತುಂಬಾ ಜನ ದುಡೀತಿದ್ರು, 1934ರಲ್ಲೂ 1936ರಲ್ಲೂ ಲೆಟ್ಯೂಸ್ ಸೊಪ್ಪಿನ ಕೆಲಸದವರ ದೊಡ್ಡ ಮುಷ್ಕರ ಆಗಿತ್ತು, ಈ ಶೆಡ್ಡಲ್ಲಿ ಮಾತ್ರ ಅವರಲ್ಲಿ ಒಬ್ಬನೂ ಇಲ್ಲ, ಮುಷ್ಕರದ ಸುದ್ದಿಯೂ ಇಲ್ಲ. ಸ್ಟೈನ್‌ಬೆಕ್ಕಿಗೆ ಗೊತ್ತಿರಲಿಲ್ಲ ಅಂತ ಅಲ್ಲ, ಇದರ ಹಿಂದಿನ ವರ್ಷವೇ ಮುಷ್ಕರದ ಮೇಲೆ ಒಂದು ಕಾದಂಬರಿ ಬರೆದವ. ಇಲ್ಲಿ ಬೇಕೆಂದೇ ಬಿಟ್ಟದ್ದು ಇರ್ಬೇಕು, ಆದ್ರೂ ಆ ಜಾಗದ ಪೂರ್ತಿ ಚಿತ್ರ ಇದು ಅಂತ ತಿಳ್ಕೊಂಡ್ರೆ ತಪ್ಪಾಗ್ತದೆ. ಎರಡು, ಸ್ಲಿಮ್ ಅಂತ ಒಬ್ಬ ಪಾತ್ರ, ಹೇಸರಗತ್ತೆ ಓಡಿಸುವವ, ಅವನನ್ನು ಸ್ವಲ್ಪ ಜಾಸ್ತಿಯೇ ಹೊಗಳಿ ಇಟ್ಟಿದ್ದಾನೆ, ಎಲ್ಲಾ ಸೈಟಲ್ಲೂ ಒಬ್ಬ ಒಳ್ಳೆ ಮೇಸ್ತ್ರಿ ಇರ್ತಾನೆ ನಿಜ, ಆದ್ರೆ ಅವನಿಗೂ ಕೆಟ್ಟ ದಿನ ಇರ್ತದೆ.

ಕಟ್ಟಿದ ರೀತಿ ಮಾತ್ರ ಭಾರೀ ಲಾಯ್ಕ. ಆರೇ ಅಧ್ಯಾಯ, ಪ್ರತಿ ಅಧ್ಯಾಯ ಒಂದೇ ಜಾಗದಲ್ಲಿ, ಮೊದಲು ಬೆಳಕು ಹೇಗೆ ಬೀಳ್ತಾ ಉಂಟು ಅಂತ ಹೇಳ್ತಾನೆ, ಆಮೇಲೆ ಒಬ್ಬೊಬ್ಬರೇ ಬರ್ತಾರೆ, ಮಾತಾಡ್ತಾರೆ, ಹೋಗ್ತಾರೆ. ನಾಟಕ ಮಾಡ್ಲಿಕ್ಕೆ ಆಗ್ಬೇಕು ಅಂತಲೇ ಹಾಗೆ ಬರೆದದ್ದು, ಅದೇ 1937ರ ನವೆಂಬರಲ್ಲಿ ಬ್ರಾಡ್‌ವೇಯಲ್ಲಿ ನಾಟಕ ಆಯ್ತು. ಐದನೇ ಅಧ್ಯಾಯದಲ್ಲಿ ಹಟ್ಟಿಯ ಒಳಗೆ ಹಲಗೆ ಸಂದಿಯಿಂದ ಬಿಸಿಲು ಗೆರೆ ಗೆರೆಯಾಗಿ ಬೀಳ್ತಾ ಉಂಟು, ಹೊರಗೆ ಆದಿತ್ಯವಾರದ ರಜೆಯಲ್ಲಿ ಗಂಡಸರು ಲಾಳ ಎಸೆಯುವ ಆಟ ಆಡ್ತಾ ಇದ್ದಾರೆ, ಕಬ್ಬಿಣಕ್ಕೆ ಕಬ್ಬಿಣ ತಾಗುವ ಶಬ್ದ, ನಗು, ಒಳಗೆ ಎಂತ ಆಗ್ತಾ ಉಂಟು ಅಂತ ಹೊರಗಿನವರಿಗೆ ಗೊತ್ತಿಲ್ಲ. ಇನ್ನು ಮುಂದೆ ಹೇಳೋದಿಲ್ಲ.

ಯಾರು ತಗೋಬಹುದು: ಇಂಗ್ಲಿಷ್ ಸಾಧಾರಣ ಓದ್ಲಿಕ್ಕೆ ಬರುವವರು ಧೈರ್ಯವಾಗಿ ತಗೊಳ್ಳಿ. ವರ್ಣನೆಯ ಭಾಷೆ ಸುಲಭ, ಸಂಭಾಷಣೆ ಮಾತ್ರ ಕೂಲಿಯವರ ಆಡುಮಾತು, ಅಕ್ಷರ ನುಂಗಿ ನುಂಗಿ ಬರೆದದ್ದು, ಮೊದಲ ಹತ್ತು ಪೇಜ್ ಸ್ವಲ್ಪ ಮಂಡೆಬಿಸಿ, ಬಾಯಲ್ಲಿ ಗಟ್ಟಿಯಾಗಿ ಓದಿದ್ರೆ ಅರ್ಥ ಆಗ್ತದೆ. ಕಷ್ಟದ ಪದಕ್ಕೆ ಅರ್ಥ ಕೊಟ್ಟದ್ದು ಈ ಎಡಿಷನ್ನಿನ ಒಂದೇ ಒಳ್ಳೆ ಕೆಲಸ, ಆ ಒಂದೂವರೆ ಸ್ಟಾರ್ ಅದಕ್ಕೇ. ಪರೀಕ್ಷೆ ಇಲ್ಲದವರು ನೋಟ್ಸ್ ಇಲ್ಲದ ಸಾದಾ ಎಡಿಷನ್ ತಗೊಳ್ಳಿ, ರೇಟೂ ಕಡಿಮೆ ಬೀಳ್ತದೆ, ಹಳೇ ಪುಸ್ತಕದ ಅಂಗಡಿಯಲ್ಲಿ ಕೇಳಿದ್ರೆ ಸಿಗುವ ಪುಸ್ತಕವೇ ಇದು. ಪರೀಕ್ಷೆ ಇರುವ ಮಕ್ಕಳು ಮಾದರಿ ಉತ್ತರವನ್ನು ಹಾಗೇ ಇಳಿಸಬೇಡಿ, ಅದರಲ್ಲಿ ಕ್ಯಾಂಡಿಯ ದುಡ್ಡಿನ ಮೊತ್ತವನ್ನೇ ತಪ್ಪು ಹಾಕಿದ್ದಾರೆ, 350 ಇರಬೇಕಾದಲ್ಲಿ 250 ಅಂತ ಉಂಟು. ಮತ್ತೆ ಪಾರ್ಸೆಲ್ ಬಂದಾಗ ಕೊನೆಯ ಎರಡು ಹಾಳೆ ಅಂಟಿ ಇತ್ತು, ಬ್ಲೇಡಲ್ಲಿ ಬಿಡಿಸಿದ್ದು. ಬದಲಾಯಿಸಿ ಕೊಡಿ ಅಂತ ರಿಕ್ವೆಸ್ಟ್ ಹಾಕಿದ್ದೇನೆ, ಇನ್ನೂ ಉತ್ತರ ಬರ್ಲಿಲ್ಲ.